ಕರುಳಿನ ನಂಜು ಮೆದುಳಿಗೆ ತಲುಪಿದಾಗ

ಯಕೃತ್ತಿನ ಕಾಯಿಲೆ ಬಹಳ ಮುಂದುವರಿದ ರೋಗಿಯ ಮನೆಯವರು ವೈದ್ಯರ ಬಳಿ ಹೇಳಿಕೊಳ್ಳುವ ಮಾತುಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ. ‘ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿಯೆಲ್ಲ ಎದ್ದು ಓಡಾಡುತ್ತಾರೆ.’ ‘ಸಣ್ಣ ಮಾತಿಗೂ ಸಿಡುಕುತ್ತಾರೆ, ಮೊದಲು ಹೀಗಿರಲಿಲ್ಲ.’ ‘ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ.’ ‘ಇವತ್ತು ಯಾವ ವಾರ ಎಂದು ಕೇಳಿದರೆ ತಪ್ಪು ಹೇಳುತ್ತಾರೆ.’

ಇಂಥ ಬದಲಾವಣೆ ಕಂಡಾಗ ಮನೆಯಲ್ಲಿ ನಾನಾ ಅರ್ಥಗಳು ಹುಟ್ಟುತ್ತವೆ. ವಯಸ್ಸಾಯಿತು, ಅರಳುಮರಳು ಎನ್ನುವವರು ಕೆಲವರು. ಮತ್ತೆ ಕದ್ದು ಕುಡಿದಿರಬೇಕು ಎಂದು ಅನುಮಾನಿಸುವವರು ಕೆಲವರು. ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯತ ಕಟ್ಟಿಸಲು ಓಡುವವರೂ ಇದ್ದಾರೆ. ಹೀಗೆ ಎರಡು ಮೂರು ದಿನ ಕಳೆದು ಆಸ್ಪತ್ರೆಗೆ ಕರೆತರುವ ಹೊತ್ತಿಗೆ ರೋಗಿಗೆ ಪ್ರಜ್ಞೆಯೇ ಇರುವುದಿಲ್ಲ. ಆದರೆ ಇದು ಹುಚ್ಚೂ ಅಲ್ಲ, ದೆವ್ವವೂ ಅಲ್ಲ, ಸ್ವಭಾವದ ಕೇಡೂ ಅಲ್ಲ. ವೈದ್ಯಶಾಸ್ತ್ರ ಇದನ್ನು ಹೆಪಾಟಿಕ್ ಎನ್‌ಕೆಫಲೋಪತಿ ಎಂದು ಕರೆಯುತ್ತದೆ. ಯಕೃತ್ತು ಸೋತಾಗ ಮೆದುಳಿಗೆ ಕವಿಯುವ ಮಂಕು ಎಂದು ನಾವು ತಿಳಿದುಕೊಂಡರೆ ಸಾಕು. ಸಿರೋಸಿಸ್ ಆದ ನೂರು ಮಂದಿಯಲ್ಲಿ 30ರಿಂದ 40 ಮಂದಿಗೆ ಒಂದಲ್ಲ ಒಂದು ಸಮಯದಲ್ಲಿ ಇದು ಎದ್ದು ಕಾಣುವಂತೆ ಬರುತ್ತದೆ. ಸಕಾಲಕ್ಕೆ ಗುರುತಿಸಿದರೆ ಹೆಚ್ಚಿನವರು ಮತ್ತೆ ಮೊದಲಿನಂತೆ ಮಾತನಾಡುತ್ತಾರೆ. ಆದ್ದರಿಂದ ಮನೆಯಲ್ಲಿ ಯಕೃತ್ತಿನ ರೋಗಿ ಇರುವ ಪ್ರತಿಯೊಂದು ಕುಟುಂಬವೂ ಇದನ್ನು ಅರಿತಿರುವುದು ಒಳ್ಳೆಯದು.

ಯಕೃತ್ತು ಎಂಬ ಸುಂಕದ ಕಟ್ಟೆ

ನಮ್ಮ ಬಲ ಪಕ್ಕೆಲುಬುಗಳ ಕೆಳಗೆ ಇರುವ ಯಕೃತ್ತು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುವ ಅಂಗ. ನಾವು ತಿಂದದ್ದು ಜೀರ್ಣವಾಗಿ ಕರುಳಿನಿಂದ ರಕ್ತಕ್ಕೆ ಸೇರಿದ ಮೇಲೆ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಎಂಬ ದೊಡ್ಡ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೆ ಬರುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಿಂದಲೇ ಬರುತ್ತದೆ. ಹಿಂದಿನ ಕಾಲದಲ್ಲಿ ಊರ ಬಾಗಿಲಲ್ಲಿ ಸುಂಕದ ಕಟ್ಟೆ ಇರುತ್ತಿತ್ತಲ್ಲ, ಹಾಗೆ. ಅಲ್ಲಿ ಗಾಡಿಗಳನ್ನು ತಡೆದು ಶೋಧಿಸಿ ಒಳಗೆ ಬಿಡುತ್ತಿದ್ದಂತೆ, ಕರುಳಿನಿಂದ ಬಂದ ರಕ್ತವನ್ನು ಯಕೃತ್ತು ಶೋಧಿಸಿ, ನಂಜನ್ನು ಕಳೆದು, ಬೇಕಾದದ್ದನ್ನು ಮಾತ್ರ ಮುಂದಕ್ಕೆ ಕಳುಹಿಸುತ್ತದೆ.

ಬಹುಕಾಲದ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಯಕೃತ್ತು - ಇವುಗಳಲ್ಲಿ ಯಾವುದರಿಂದಲಾದರೂ ಯಕೃತ್ತಿನ ಜೀವಕೋಶಗಳು ಸತ್ತು, ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯಬಹುದು. ಇದೇ ಸಿರೋಸಿಸ್. ಆಗ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ಮೊದಲನೆಯದು, ಕೆಲಸ ಮಾಡುವ ಕೋಶಗಳು ಕಡಿಮೆಯಾಗುತ್ತವೆ. ಎರಡನೆಯದು, ಗಟ್ಟಿಯಾದ ಯಕೃತ್ತಿನೊಳಗೆ ರಕ್ತ ಸರಾಗವಾಗಿ ಹರಿಯಲಾರದೆ ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಬಳಸುದಾರಿ ಹಿಡಿಯುತ್ತದೆ. ಸುಂಕದ ಕಟ್ಟೆಯಲ್ಲಿ ಕಾವಲುಗಾರರೂ ಕಡಿಮೆ, ಕಟ್ಟೆಯನ್ನು ತಪ್ಪಿಸಿ ಹೋಗುವ ಗಾಡಿಗಳೂ ಹೆಚ್ಚು. ಶೋಧಿಸದ ರಕ್ತ ನೇರವಾಗಿ ಮೆದುಳಿಗೆ ತಲುಪುತ್ತದೆ.

ಕರುಳಿನಲ್ಲಿ ವಾಸಿಸುವವರು

ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ಇವೆಯೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ. ಎಲ್ಲವನ್ನೂ ಸೇರಿಸಿ ತೂಗಿದರೆ ಸುಮಾರು 200 ಗ್ರಾಂ ಆದೀತು. ಇವು ಶತ್ರುಗಳಲ್ಲ. ನಮಗೆ ಜೀರ್ಣವಾಗದ ನಾರನ್ನು ಕರಗಿಸುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ, ಕೆಟ್ಟ ಜಂತುಗಳಿಗೆ ಜಾಗ ಕೊಡದೆ ಕಾಯುತ್ತವೆ.

ಆದರೆ ಇವುಗಳ ಸಂಸಾರದಲ್ಲಿ ಹೊಗೆಯೂ ಏಳುತ್ತದೆ. ದನದ ಕೊಟ್ಟಿಗೆಯಲ್ಲಿ ಅಥವಾ ತೊಳೆಯದ ಮೂತ್ರಾಲಯದಲ್ಲಿ ಮೂಗಿಗೆ ಬಡಿಯುವ ಘಾಟು ನಮಗೆಲ್ಲ ಗೊತ್ತು. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ಅಮೋನಿಯ ಅದು. ಇದೇ ಕೆಲಸ ನಮ್ಮ ಕರುಳಿನೊಳಗೂ ಹಗಲಿರುಳು ನಡೆಯುತ್ತಿರುತ್ತದೆ. ರಕ್ತದಿಂದ ಕರುಳಿಗೆ ಇಳಿದ ಯೂರಿಯವನ್ನೂ, ಆಹಾರದ ಉಳಿಕೆ ಪ್ರೋಟೀನನ್ನೂ ಒಡೆದು ಅವು ಅಮೋನಿಯ ಮಾಡುತ್ತವೆ. ಕರುಳಿನ ಗೋಡೆಯ ಕೋಶಗಳು ಸಹ ತಮ್ಮ ಪಾಲನ್ನು ಸೇರಿಸುತ್ತವೆ. ಆರೋಗ್ಯವಂತರಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಯಕೃತ್ತು ಅಮೋನಿಯವನ್ನು ಹಿಡಿದು ನಿರಪಾಯಕರ ಯೂರಿಯವನ್ನಾಗಿ ಬದಲಿಸುತ್ತದೆ, ಮೂತ್ರಪಿಂಡಗಳು ಅದನ್ನು ಹೊರಹಾಕುತ್ತವೆ. ಈ ಚಕ್ರವನ್ನು 1932ರಲ್ಲಿ ಹನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ ಎಂಬ ಜರ್ಮನಿಯ ವಿಜ್ಞಾನಿಗಳು ಕಂಡುಹಿಡಿದರು.

ಸಿರೋಸಿಸ್‌ನಲ್ಲಿ ಕರುಳಿನ ನಿವಾಸಿಗಳ ಪಂಗಡವೇ ಬದಲಾಗುತ್ತದೆ. ಪಿತ್ತರಸ ಕಡಿಮೆಯಾಗುತ್ತದೆ, ಕರುಳಿನ ಚಲನೆ ನಿಧಾನವಾಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾಗಳು ಇಳಿದು, ಅಮೋನಿಯ ಮಾಡುವವು ಮತ್ತು ಉರಿಯೂತ ಎಬ್ಬಿಸುವವು ಏರುತ್ತವೆ. ಸಿರೋಸಿಸ್ ರೋಗಿಗಳ ಕರುಳಿನಲ್ಲಿ ಹೆಚ್ಚಾಗಿದ್ದ ಬ್ಯಾಕ್ಟೀರಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಗೆಗಳು ಮೂಲತಃ ಬಾಯಿಗೆ ಸೇರಿದವು ಎಂದು 2014ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಬಾಯಿಯವು ಹೊಟ್ಟೆಯ ಆಮ್ಲದಲ್ಲಿ ಸಾಯಬೇಕು. ಆಮ್ಲ ತಗ್ಗಿಸುವ ‘ಗ್ಯಾಸ್ಟ್ರಿಕ್’ ಮಾತ್ರೆಗಳನ್ನು ದಿನವೂ ನುಂಗುತ್ತಿದ್ದರೆ ಅವು ಸುಲಭವಾಗಿ ಕೆಳಗಿಳಿಯುತ್ತವೆ. ಆದ್ದರಿಂದ ಸಿರೋಸಿಸ್ ರೋಗಿಗಳು ಈ ಮಾತ್ರೆಗಳನ್ನು ವೈದ್ಯರು ಅಗತ್ಯವೆಂದು ಹೇಳಿದರೆ ಮಾತ್ರ ತೆಗೆದುಕೊಳ್ಳಬೇಕು. ಹಲ್ಲು ಮತ್ತು ವಸಡುಗಳನ್ನು ಶುಚಿಯಾಗಿಟ್ಟುಕೊಳ್ಳುವುದೂ ಯಕೃತ್ತಿನ ಆರೈಕೆಯ ಒಂದು ಭಾಗವೇ.

ಮೆದುಳಿನಲ್ಲಿ ಏನಾಗುತ್ತದೆ?

ಮೆದುಳಿನಲ್ಲಿ ಅಮೋನಿಯವನ್ನು ಯೂರಿಯ ಮಾಡುವ ಏರ್ಪಾಡಿಲ್ಲ. ಅಲ್ಲಿ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕಾರದ ಕೋಶಗಳಿವೆ. ನರಕೋಶಗಳಿಗೆ ಆಸರೆಯಾಗಿ ನಿಂತು ಅವುಗಳ ಸುತ್ತಲಿನ ಪರಿಸರವನ್ನು ಶುಚಿಯಾಗಿಡುವುದು ಇವುಗಳ ಕೆಲಸ. ಬಂದ ಅಮೋನಿಯವನ್ನು ಇವು ತಮ್ಮೊಳಗೆ ಎಳೆದುಕೊಂಡು ಗ್ಲುಟಮಿನ್ ಎಂಬ ವಸ್ತುವನ್ನಾಗಿ ಮಾಡುತ್ತವೆ. ಗ್ಲುಟಮಿನ್ ಹೆಚ್ಚಿದಂತೆ ಅದು ನೀರನ್ನು ಎಳೆದುಕೊಳ್ಳುತ್ತದೆ, ಕೋಶ ಊದಿಕೊಳ್ಳುತ್ತದೆ. ಊದಿಕೊಂಡ ಸೇವಕ ಯಜಮಾನನ ಚಾಕರಿ ಸರಿಯಾಗಿ ಮಾಡಲಾರ. ನರಕೋಶಗಳ ನಡುವಿನ ಸಂದೇಶಗಳು ಮಂದವಾಗುತ್ತವೆ. ನಿದ್ದೆಯ ವೇಳೆ ತಲೆಕೆಳಗಾಗುತ್ತದೆ, ಗಮನ ಚದುರುತ್ತದೆ, ಕೈ ನಡುಗುತ್ತದೆ.

ಅಮೋನಿಯ ಒಂದೇ ಇದಕ್ಕೆಲ್ಲ ಕಾರಣವಲ್ಲ. ಸತ್ತ ಬ್ಯಾಕ್ಟೀರಿಯಾಗಳ ಕವಚದ ಚೂರುಗಳು ದುರ್ಬಲವಾದ ಕರುಳಿನ ಗೋಡೆಯಿಂದ ಸೋರಿ ರಕ್ತಕ್ಕೆ ಸೇರಿ ದೇಹದಲ್ಲೆಲ್ಲ ಉರಿಯೂತ ಎಬ್ಬಿಸುತ್ತವೆ. ಉರಿಯೂತ ಇದ್ದಾಗ ಅದೇ ಪ್ರಮಾಣದ ಅಮೋನಿಯವೂ ಮೆದುಳನ್ನು ಹೆಚ್ಚು ಕಾಡುತ್ತದೆ. ಆದಕಾರಣವೇ ರಕ್ತಪರೀಕ್ಷೆಯಲ್ಲಿ ಅಮೋನಿಯ ಎಷ್ಟಿದೆ ಎಂಬ ಒಂದೇ ಅಂಕಿಯಿಂದ ವೈದ್ಯರು ರೋಗದ ಹಂತವನ್ನು ನಿರ್ಧರಿಸುವುದಿಲ್ಲ. ರೋಗಿಯನ್ನು ನೋಡಿಯೇ ನಿರ್ಧರಿಸುತ್ತಾರೆ.

ಈ ಅರಿವು ಬಂದ ದಾರಿ

ರಷ್ಯದ ನಿಕೊಲಾಯ್ ಎಕ್ 1877ರಲ್ಲಿ ನಾಯಿಗಳ ಪೋರ್ಟಲ್ ರಕ್ತನಾಳವನ್ನು ಯಕೃತ್ತಿಗೆ ಹೋಗಗೊಡದೆ ಬೇರೊಂದು ದೊಡ್ಡ ನಾಳಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇವಾನ್ ಪಾವ್ಲೊವ್, ಮಾರ್ಸೆಲಿ ನೆನ್ಸ್ಕಿ ಮತ್ತು ಅವರ ಜೊತೆಗಾರರು ಅದೇ ಪ್ರಯೋಗವನ್ನು ಮುಂದುವರಿಸಿ 1893ರಲ್ಲಿ ವರದಿ ಮಾಡಿದರು. ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡ ನಾಯಿಗಳು ಮಾಂಸ ತಿಂದ ಮೇಲೆ ಸಿಡುಕಿ, ತೂರಾಡಿ, ಕೊನೆಗೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದವು. ಯಕೃತ್ತನ್ನು ತಪ್ಪಿಸಿ ಹೋದ ರಕ್ತದಲ್ಲಿರುವ ಅಮೋನಿಯದ ಸಂಯುಕ್ತಗಳೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು.

ಮನುಷ್ಯರಲ್ಲಿ ಇದನ್ನು ಸ್ಪಷ್ಟಪಡಿಸಿದವರು ಲಂಡನ್ನಿನ ವೈದ್ಯೆ ಶೀಲಾ ಶರ್ಲಾಕ್ ಮತ್ತು ಅವರ ಸಹೋದ್ಯೋಗಿಗಳು. 1954ರಲ್ಲಿ ಅವರು ಬಳಸುದಾರಿಯ ರಕ್ತಕ್ಕೂ ಮೆದುಳಿನ ಮಂಕಿಗೂ ಇರುವ ನಂಟನ್ನು ವಿವರವಾಗಿ ಬರೆದರು. ಅದೇ ದಶಕದಲ್ಲಿ ನಿಯೋಮೈಸಿನ್‌ನಂಥ, ಕರುಳಿನಲ್ಲೇ ಉಳಿಯುವ ಆ್ಯಂಟಿಬಯಾಟಿಕ್‌ಗಳನ್ನು ನುಂಗಿಸಿದಾಗ ರೋಗಿಗಳು ಎಚ್ಚರಗೊಂಡರು. ಮೆದುಳನ್ನು ಮುಟ್ಟದ ಔಷಧಿ ಮೆದುಳನ್ನು ತಿಳಿಗೊಳಿಸಿತು! ತಪ್ಪು ಮೂಲತಃ ಮೆದುಳಿನದಲ್ಲ, ಕರುಳಿನಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. 1966ರಲ್ಲಿ ಯೊಹಾನೆಸ್ ಬಿರ್ಷರ್ ಎಂಬ ವೈದ್ಯರು ಲ್ಯಾಕ್ಟುಲೋಸ್ ಎಂಬ ಸಿಹಿ ಪಾನಕವನ್ನು ಈ ರೋಗಕ್ಕೆ ಬಳಸಿ ನೋಡಿದರು. ಇಂದಿಗೂ ಅದೇ ಮೊದಲ ಔಷಧಿ.

ಗುರುತಿಸುವುದು ಹೇಗೆ?

ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ.

ಮೊದಲ ಹಂತ: ನಿದ್ದೆ ಏರುಪೇರು, ಗಮನ ನಿಲ್ಲದಿರುವುದು, ಕಾರಣವಿಲ್ಲದ ಆತಂಕ ಅಥವಾ ಉಲ್ಲಾಸ, ಸುಲಭದ ಲೆಕ್ಕದಲ್ಲಿ ತಪ್ಪು.

ಎರಡನೆಯ ಹಂತ: ಜಡತ್ವ, ದಿನ ವಾರಗಳ ಗೊಂದಲ, ಸ್ವಭಾವದಲ್ಲಿ ಬದಲಾವಣೆ, ತೊದಲು ಮಾತು.

ಮೂರನೆಯ ಹಂತ: ಕರೆದರೆ ಕಣ್ಣು ಬಿಡುವಷ್ಟು ಮಂಪರು; ತಾನು ಎಲ್ಲಿದ್ದೇನೆ ಎಂಬುದೂ ತಿಳಿಯದು.

ನಾಲ್ಕನೆಯ ಹಂತ: ಪೂರ್ಣ ಪ್ರಜ್ಞಾಹೀನತೆ.

ಮೊದಲ ಎರಡು ಹಂತಗಳನ್ನು ಮೊದಲು ಕಾಣಬಲ್ಲವರು ವೈದ್ಯರಲ್ಲ, ಮನೆಯವರು. ಅದಕ್ಕೆ ಎರಡು ಸುಲಭ ಉಪಾಯಗಳಿವೆ. ಒಂದು: ಓಡುವ ಬಸ್ಸನ್ನು ನಿಲ್ಲಿಸುವವರಂತೆ ಎರಡೂ ಕೈಗಳನ್ನು ಮುಂದೆ ಚಾಚಿ, ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ, ಬೆರಳು ಅಗಲಿಸಿ ಹಿಡಿಯಲು ಹೇಳಿ. ಅಂಗೈ ಹಕ್ಕಿಯ ರೆಕ್ಕೆಯಂತೆ ಥಟ್ಟನೆ ಬಿದ್ದು ಬಿದ್ದು ಏಳುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಎರಡು: ಒಂದು ನೋಟ್‌ಪುಸ್ತಕ ಇಟ್ಟು, ದಿನವೂ ಬೆಳಿಗ್ಗೆ ರೋಗಿ ತನ್ನ ಹೆಸರು ಮತ್ತು ತಾರೀಖು ಬರೆದು ಒಂದು ನಕ್ಷತ್ರ ಬಿಡಿಸಲಿ. ಬರಹ ಕೆಡುತ್ತಾ ಬಂದರೆ, ನಕ್ಷತ್ರದ ಗೆರೆಗಳು ಕೂಡದಿದ್ದರೆ, ಬಾಯಿಮಾತಿನಲ್ಲಿ ಏನೂ ತಿಳಿಯದಿದ್ದರೂ ಪುಸ್ತಕ ಹೇಳುತ್ತದೆ. ವೈದ್ಯರಲ್ಲಿಗೆ ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ.

ಕಿಡಿ ಹೊತ್ತಿಸುವ ಕಾರಣಗಳು

ಈ ಮಂಕು ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಯಾವುದೋ ಒಂದು ಕಿಡಿ ಬೇಕು. ಮಲಬದ್ಧತೆ ಬಹಳ ಸಾಮಾನ್ಯ ಕಿಡಿ. ಮಲ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಅವಕಾಶ. ಅನ್ನನಾಳದ ಉಬ್ಬಿದ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸೋರುವುದು ಇನ್ನೊಂದು. ರಕ್ತವೆಂದರೆ ಪ್ರೋಟೀನು, ಅದು ಕರುಳಿಗಿಳಿದರೆ ಬ್ಯಾಕ್ಟೀರಿಯಾಗಳಿಗೆ ಔತಣ. ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಹೊಟ್ಟೆಯಲ್ಲಿ ತುಂಬಿದ ನೀರಿಗೆ ತಗಲುವ ಸೋಂಕು, ಮೂತ್ರದ ಸೋಂಕು, ನ್ಯುಮೋನಿಯ ಇವೂ ಕಾರಣವಾಗುತ್ತವೆ. ವಾಂತಿ ಭೇದಿಯಿಂದ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆಗಳ ಅತಿ ಬಳಕೆಯಿಂದ ದೇಹ ಒಣಗಿ ಪೊಟ್ಯಾಸಿಯಂ ಇಳಿದಾಗಲೂ ಹೀಗಾಗುತ್ತದೆ.

ಕೊನೆಯದು ಮನೆಯವರೇ ಅರಿಯದೆ ಮಾಡುವ ಕೆಲಸ. ‘ರಾತ್ರಿ ನಿದ್ದೆಯಿಲ್ಲ, ನಮಗೂ ನಿದ್ದೆ ಕೊಡುವುದಿಲ್ಲ’ ಎಂದು ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡುವುದು. ನಿದ್ದೆಗೆಡುವುದು ರೋಗದ ಮೊದಲ ಲಕ್ಷಣ. ಅದಕ್ಕೆ ನಿದ್ದೆ ಮಾತ್ರೆ ಕೊಟ್ಟರೆ ರೋಗಿ ಎರಡನೆಯ ಹಂತದಿಂದ ನೇರವಾಗಿ ನಾಲ್ಕನೆಯದಕ್ಕೆ ಜಾರಬಹುದು. ವೈದ್ಯರನ್ನು ಕೇಳದೆ ಇದನ್ನು ಎಂದಿಗೂ ಮಾಡಬಾರದು.

ಚಿಕಿತ್ಸೆ

ಲ್ಯಾಕ್ಟುಲೋಸ್ ನಮಗೆ ಜೀರ್ಣವಾಗದ ಸಕ್ಕರೆ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಆಮ್ಲ ಮಾಡುತ್ತವೆ. ಹುಳಿಯಾದ ಕರುಳಿನಲ್ಲಿ ಅಮೋನಿಯ ರಕ್ತಕ್ಕೆ ನುಸುಳಲಾರದ ರೂಪಕ್ಕೆ ತಿರುಗಿ, ಅಲ್ಲೇ ಸಿಕ್ಕಿಬಿದ್ದು, ಮಲದೊಡನೆ ಹೊರಹೋಗುತ್ತದೆ. ಹಾಲು ಹುಳಿಯಾದಾಗ ಮೊಸರಾಗುವ ಬದಲಾವಣೆ ಕಂಡ ನಮಗೆ ಇದು ಅರ್ಥವಾಗದ ವಿಷಯವಲ್ಲ. ಅಳತೆ ಸರಿಯಾಗಿದೆಯೇ ಎಂದು ತಿಳಿಯುವ ಬಗೆ ಸರಳ: ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಕಡೆ ಆಗಬೇಕು. ಒಮ್ಮೆಯೂ ಆಗದಿದ್ದರೆ ಸಾಲದು, ಐದಾರು ಸಲ ನೀರಾಗಿ ಹೋದರೆ ಅತಿಯಾಯಿತು. ಅತಿಯಾದರೆ ದೇಹ ಒಣಗಿ ಮತ್ತೆ ಅದೇ ಮಂಕು ಕವಿಯುತ್ತದೆ.

ಇದರಲ್ಲಿ ಒಂದು ಸಂಕೋಚವಿದೆ. ಹೊಟ್ಟೆ ಉಬ್ಬರ, ವಾಯು, ಪದೇ ಪದೇ ಶೌಚಕ್ಕೆ ಓಡಾಟ - ಇವಕ್ಕೆ ಬೇಸತ್ತು ಅನೇಕರು ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಔಷಧಿ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದ್ದೇ ಮರುಕಳಿಸಲು ಕಾರಣವಾಗುತ್ತದೆ. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಒಮ್ಮೆ ಚೇತರಿಸಿಕೊಂಡವರಲ್ಲಿ ಲ್ಯಾಕ್ಟುಲೋಸ್ ಮುಂದುವರಿಸಿದವರ ಪೈಕಿ ನೂರಕ್ಕೆ ಸುಮಾರು 20 ಮಂದಿಗೆ ಮಾತ್ರ ರೋಗ ಮರುಕಳಿಸಿತು. ತೆಗೆದುಕೊಳ್ಳದವರಲ್ಲಿ ಆ ಸಂಖ್ಯೆ ಸುಮಾರು 47.

ಎರಡನೆಯ ಔಷಧಿ ರಿಫಾಕ್ಸಿಮಿನ್. ಇದು ರಕ್ತಕ್ಕೆ ಬಹಳ ಕಡಿಮೆ ಸೇರಿ ಕರುಳಿನಲ್ಲಿಯೇ ಉಳಿದು ಕೆಲಸ ಮಾಡುವ ಆ್ಯಂಟಿಬಯಾಟಿಕ್. 2010ರಲ್ಲಿ ಪ್ರಕಟವಾದ, 299 ರೋಗಿಗಳನ್ನು ಆರು ತಿಂಗಳು ಗಮನಿಸಿದ ಅಧ್ಯಯನದಲ್ಲಿ, ಇದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 22 ಮಂದಿಗೆ ರೋಗ ಮರುಕಳಿಸಿದರೆ, ತೆಗೆದುಕೊಳ್ಳದವರಲ್ಲಿ 46 ಮಂದಿಗೆ ಮರುಕಳಿಸಿತು. ಎರಡೂ ಗುಂಪಿನ ಹೆಚ್ಚಿನವರು ಲ್ಯಾಕ್ಟುಲೋಸನ್ನೂ ಕುಡಿಯುತ್ತಿದ್ದರು ಎಂಬುದನ್ನು ಮರೆಯಬಾರದು. ಅಂದರೆ ಮಾತ್ರೆ ಪಾನಕದ ಜೊತೆಗಾರ, ಅದರ ಬದಲಿಯಲ್ಲ.

ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು ರೋಗಿಗೆ ಕೊಡುವ ಚಿಕಿತ್ಸೆಯನ್ನೂ ಅಮೆರಿಕದ ವರ್ಜೀನಿಯದಲ್ಲಿ ಡಾ. ಜಸ್ಮೋಹನ್ ಬಜಾಜ್ ಮತ್ತು ಸಂಗಡಿಗರು 20 ರೋಗಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ಭರವಸೆಯ ಫಲಿತಾಂಶ ಪ್ರಕಟಿಸಿದರು. ಆದರೆ ಸರಿಯಾಗಿ ಪರೀಕ್ಷಿಸದ ದಾನದಿಂದ ಅಪಾಯಕಾರಿ ಬ್ಯಾಕ್ಟೀರಿಯ ಹರಡಿ, ಬೇರೊಂದು ಕಾಯಿಲೆಯ ರೋಗಿಯೊಬ್ಬರು ತೀರಿಕೊಂಡದ್ದು 2019ರಲ್ಲಿ ಅದೇ ದೇಶದಲ್ಲಿ ವರದಿಯಾಯಿತು. ಆದ್ದರಿಂದ ಇದು ಮನೆಯಲ್ಲಿ ಪ್ರಯತ್ನಿಸುವ ಮಾತಲ್ಲ.

ಒಮ್ಮೆ ಈ ಮಂಕು ಕವಿಯಿತೆಂದರೆ ಯಕೃತ್ತು ಬಹಳ ಸೋತಿದೆ ಎಂದೇ ಅರ್ಥ. ಯಕೃತ್ತಿನ ಕಸಿ ಸಾಧ್ಯವೇ ಎಂದು ವೈದ್ಯರನ್ನು ಆಗಲೇ ಕೇಳುವುದು ಒಳ್ಳೆಯದು. ಕರ್ನಾಟಕದಲ್ಲಿ ಮೃತರ ಅಂಗಾಂಗ ದಾನದ ವ್ಯವಸ್ಥೆಯನ್ನು ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ.

ಊಟ ಮತ್ತು ಉಪವಾಸ

ಪ್ರೋಟೀನಿನಿಂದ ಅಮೋನಿಯ ಹುಟ್ಟುವುದಾದರೆ ಬೇಳೆ, ಹಾಲು, ಮೊಟ್ಟೆ ಎಲ್ಲ ನಿಲ್ಲಿಸಿ ಗಂಜಿ ಮಾತ್ರ ಕೊಡೋಣವೇ? ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. ಈಗ ಆ ಸಲಹೆ ಬದಲಾಗಿದೆ. ಯಕೃತ್ತು ಸೋತಾಗ ಅಮೋನಿಯವನ್ನು ಹಿಡಿದಿಡುವ ಎರಡನೆಯ ಕಾವಲುಗಾರ ನಮ್ಮ ಸ್ನಾಯು. ಪ್ರೋಟೀನು ನಿಲ್ಲಿಸಿದರೆ ಸ್ನಾಯು ಕರಗುತ್ತದೆ, ಕಾವಲು ಇನ್ನೂ ಸಡಿಲವಾಗುತ್ತದೆ. ಸಾಮಾನ್ಯ ಪ್ರಮಾಣದ ಪ್ರೋಟೀನು ಕೊಟ್ಟರೂ ರೋಗ ಹೆಚ್ಚುವುದಿಲ್ಲವೆಂದು 2004ರಲ್ಲಿ ಸ್ಪೇನಿನ ವೈದ್ಯರು ತೋರಿಸಿದರು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ಇಂದಿನ ಮಾರ್ಗದರ್ಶನ. ಮಾಂಸಕ್ಕಿಂತ ಹೆಸರುಬೇಳೆ, ಹುರುಳಿ, ಹಾಲು, ಮೊಸರು ಚೆನ್ನಾಗಿ ಒಗ್ಗುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಮದ್ಯ ಯಾವ ರೂಪದಲ್ಲೂ, ಹಬ್ಬದ ದಿನ ಒಂದು ಲೋಟ ವೈನ್ ಕೂಡ ಬೇಡ.

ಇವರು ಹೆಚ್ಚು ಹೊತ್ತು ಬರಿಹೊಟ್ಟೆಯಲ್ಲಿ ಇರಬಾರದು. ಸೋತ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ಒಂದು ರಾತ್ರಿಯ ಉಪವಾಸವೇ ಅವರ ಸ್ನಾಯುವನ್ನು ಸವೆಸಲು ಸಾಕು. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಲಿ. ಮಲಗುವ ಮುನ್ನ ರಾಗಿ ಮಾಲ್ಟು, ಬ್ರೆಡ್ಡು ಹಾಲು, ಮೊಸರನ್ನ ಏನಾದರೂ ಸೇವಿಸಲಿ. ತಪಸ್ಸುಕಾಲದಲ್ಲಿ ಹಿರಿಯರು ‘ನಾನು ಹುಟ್ಟಿದಾಗಿನಿಂದ ಉಪವಾಸ ಬಿಟ್ಟಿಲ್ಲ’ ಎಂದು ಹಟ ಹಿಡಿಯುವುದುಂಟು. ಉಪವಾಸದ ಕಟ್ಟಳೆ ರೋಗಿಗಳಿಗೆ ಇಲ್ಲವೆಂಬುದನ್ನು ಅವರಿಗೆ ಪ್ರೀತಿಯಿಂದ ತಿಳಿಸಿ. ಬೇಕಾದರೆ ಧರ್ಮಕೇಂದ್ರದ ಗುರುಗಳಿಂದಲೇ ಹೇಳಿಸಿ. ಅವರ ಬದಲು ಮನೆಯ ಆರೋಗ್ಯವಂತರು ತ್ಯಾಗ ಮಾಡಲಿ.

ಮನೆಯವರ ಪಾಲು

ಮಂಕು ಕವಿದಾಗ ಆಡಿದ ಮಾತುಗಳನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗದರಿಸಬೇಡಿ, ಪರೀಕ್ಷೆ ಮಾಡುವಂತೆ ಎಲ್ಲರ ಮುಂದೆ ಪ್ರಶ್ನೆ ಕೇಳಬೇಡಿ. ಮಂಕು ಲಘುವಾಗಿದ್ದು ಹೊರಗೆ ಕಾಣದಿದ್ದಾಗಲೂ ಪ್ರತಿಕ್ರಿಯೆ ನಿಧಾನವಾಗಿರುತ್ತದೆ. ಆದ್ದರಿಂದ ವೈದ್ಯರು ಹೇಳುವವರೆಗೆ ಸ್ಕೂಟರು, ಕಾರು, ಟ್ರ್ಯಾಕ್ಟರು ಓಡಿಸಲು ಬಿಡಬೇಡಿ. ಜಮೀನು, ಬ್ಯಾಂಕು, ಉಯಿಲಿನ ಕಾಗದಗಳಿಗೆ ಇಂಥ ಸಮಯದಲ್ಲಿ ಸಹಿ ಹಾಕಿಸುವುದು ಅನ್ಯಾಯ. ಅವರು ತಿಳಿಯಾಗಿರುವ ದಿನಗಳಲ್ಲಿ ಎಲ್ಲರೂ ಕುಳಿತು ಮಾತನಾಡಿ, ಅವರ ಇಚ್ಛೆಯನ್ನು ಕೇಳಿ ತಿಳಿದುಕೊಳ್ಳಿ.

ಆರೈಕೆ ಮಾಡುವವರನ್ನೂ ನೆನೆಯಬೇಕು. ರಾತ್ರಿ ನಿದ್ದೆಯಿಲ್ಲದೆ ಹಾಸಿಗೆ ಬಟ್ಟೆ ಬದಲಿಸುವವರು ಬಹುತೇಕ ಹೆಂಡತಿಯೋ ಸೊಸೆಯೋ ಆಗಿರುತ್ತಾರೆ. ನೆರೆಹೊರೆಯವರು ವಾರಕ್ಕೊಂದು ರಾತ್ರಿ ಪಾಳಿ ಹಂಚಿಕೊಂಡರೆ ಅದು ದೊಡ್ಡ ಸೇವೆ. ಸಿರೋಸಿಸ್ ಎಂದೊಡನೆ ಕುಡುಕ ಎಂದು ತೀರ್ಮಾನಿಸುವವರ ಬಾಯಿಯೂ ಆಗ ಮುಚ್ಚೀತು. ಎಷ್ಟೋ ರೋಗಿಗಳು ಒಂದು ತೊಟ್ಟೂ ಕುಡಿದವರಲ್ಲ. ಕುಡಿದವರಿಗೂ ಕಾಯಿಲೆಯ ಹೊತ್ತಿನಲ್ಲಿ ಬೇಕಾದದ್ದು ಚಿಕಿತ್ಸೆಯೇ ಹೊರತು ಉಪದೇಶವಲ್ಲ.

ಬಾರದಂತೆ ತಡೆಯುವ ದಾರಿಯೂ ಇದೆ. ಮಗು ಹುಟ್ಟಿದಾಗಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಹೆಪಟೈಟಿಸ್ ಬಿ ಮತ್ತು ಸಿ ರೋಗಗಳಿಗೆ ಉಚಿತ ಪರೀಕ್ಷೆ, ಚಿಕಿತ್ಸೆ ನೀಡುವ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾಯಿತು. ಸಕ್ಕರೆ ಕಾಯಿಲೆ ಇರುವವರು ಯಕೃತ್ತನ್ನೂ ಪರೀಕ್ಷಿಸಿಕೊಳ್ಳಲಿ.

ಮನೆಯಲ್ಲಿ ಕುಳಿತು ಚರ್ಚಿಸಲು

1. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಯಕೃತ್ತಿನ ಕಾಯಿಲೆ ಇರುವವರು ಯಾರಾದರೂ ಇದ್ದಾರೆಯೇ? ಅವರ ನಿದ್ದೆ, ಶೌಚ, ಬರಹದ ಕಡೆ ಗಮನ ಕೊಡುವವರು ಯಾರು?

2. ರೋಗಿಯ ಸಿಡುಕನ್ನು ಸ್ವಭಾವವೆಂದು ತಿಳಿದು ನಾವು ಎಂದಾದರೂ ಮಾತು ಬಿಟ್ಟಿದ್ದೇವೆಯೇ?

3. ಮಧ್ಯರಾತ್ರಿ ರೋಗಿಗೆ ಗೊಂದಲ ಹೆಚ್ಚಿದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ಯಾರು ಕರೆದೊಯ್ಯುವುದು? ಇದನ್ನು ಇವತ್ತೇ ನಿರ್ಧರಿಸಿ ಗೋಡೆಯ ಮೇಲೆ ಬರೆದಿಡಿ.